ತಮ್ಮನ ಹಲ್ಲಿಗೆ ಕಪ್ಪು

ಮುದ್ದಿನ ತಮ್ಮ ಇನುಮಾರು,

ದೊಡ್ಡವನಾದ ಮೇಲೆ ನಿನಗಿಟ್ಟ ಹೆಸರು ನನ್ನ ಬಾಯಿಗೆ ಕೊನೆಗೂ ಹತ್ತಲಿಲ್ಲ. ಎಳವೆಯ ಹೆಸರಲ್ಲೇ ಕರೆಯುತ್ತೇನೆ, ಸಿಟ್ಟಾಗಬೇಡ.

ಇವತ್ತು ಮಧ್ಯಾಹ್ನ ನೀನು ಕೋಟೆಗೆ ವಾಪಸು ಬಂದೆ. ಗಂಡಸರು ಕಡಿದು ತಂದ ತಲೆಗಳನ್ನು ತೊಳೆದು, ಬಾಚಿ, ಒಡೆಯನ ಮುಂದಿಡಲು ಸಿದ್ಧಮಾಡುವುದು ಇಲ್ಲಿ ಹೆಂಗಸರ ಪಾಲಿನ ಕೆಲಸ. ನಿನ್ನನ್ನು ತಂದವನು ಒಬ್ಬ ಈಟಿಯ ಆಳು, ಬಾಯ್ತುಂಬ ನಗು. "ಅಮ್ಮಾ, ಇವನ ಹಲ್ಲಿಗೊಂಚೂರು ಕಪ್ಪು ಹಚ್ಚಿಬಿಡಿ. ದೊಡ್ಡ ಮನೆತನದೋರ ಹಾಗೆ ಹಲ್ಲು ಕಪ್ಪಗಿದ್ರೆ ನಂಗೂ ಒಂದು ತುಂಡು ಗದ್ದೆ ಸಿಗುತ್ತೆ" ಎಂದ. ಕೋಟೆಯೊಡೆಯನಾದ ನಮ್ಮಣ್ಣನ ಒಡಹುಟ್ಟಿದವನನ್ನೇ ತಂದಿದ್ದೇನೆಂದು ಆ ಪಾಪಿಗೆ ಗೊತ್ತಿರಲಿಲ್ಲ.

ಗಾಯ ನಿನ್ನ ಮುಖದ ಗುರುತನ್ನೇ ಅಳಿಸಿತ್ತು. ನನಗೆ ಗೊತ್ತಾದದ್ದು ಮುರಿದ ಆ ಮುಂಹಲ್ಲಿನಿಂದ. ಅಣ್ಣನ ಮರದ ಕತ್ತಿ ತಾಗಿ ಮುರಿದದ್ದು. ಅವತ್ತು ನೀನು ಅಳಲಿಲ್ಲ, ಅವನೇ ಅತ್ತ.

ಅಪ್ಪ ಸಾಯುವಾಗ ಹೇಳಿದ್ದು ನೆನಪಿದೆಯಾ? "ದೊಡ್ಡೋನು ಈ ಕಡೆ, ಚಿಕ್ಕೋನು ಆ ಕಡೆ. ಯಾರೇ ಗೆಲ್ಲಲಿ, ಕುರಾತಾನಿ ಹೆಸರು ಉಳಿಯುತ್ತೆ." ನೀನು ವೈರಿಯ ದಂಡಿಗೆ ಹೋದೆ. ಊರೆಲ್ಲ ದ್ರೋಹಿ ಎಂದು ಉಗಿಯಿತು, ನೀನು ತುಟಿ ಬಿಚ್ಚಲಿಲ್ಲ. ಅಪ್ಪನ ಮೇಲೆ ನನಗೆ ಎಂಥ ಸಿಟ್ಟಿದೆ ಗೊತ್ತಾ?

ಅಣ್ಣನಿಗೆ ಮಕ್ಕಳಿಲ್ಲ. ವೈರಿಗಳು ಮುತ್ತಿರುವ ಈ ಕೋಟೆಯಲ್ಲಿ ಅಕ್ಕಿ ಮುಗಿದಿದೆ. ನಾಳೆ ಬಾಗಿಲು ತೆಗೆದು ಹೊರಗೆ ನುಗ್ಗುತ್ತಾನೆ, ತಿರುಗಿ ಬರುವುದಿಲ್ಲ. ಬೆಳಿಗ್ಗೆ ಗಂಜಿ ಕುಡಿಯುತ್ತಾ, "ಇನು ಇದಾನಲ್ಲ ಬಿಡೇ. ನಾನು ಸತ್ರೂ ಮನೆ ದೀಪ ಆರಲ್ಲ" ಎಂದು ನಗುತ್ತಿದ್ದ. ಅವನಿಗೆ ಉಳಿದಿರುವ ಸಮಾಧಾನ ಅದೊಂದೇ.

ಹಾಗಾಗಿ ಕಪ್ಪು ಹಚ್ಚಿದೆ. ಮುರಿದ ಹಲ್ಲು ಕಾಣದಷ್ಟು ದಟ್ಟವಾಗಿ ಹಚ್ಚಿದೆ. ಮುಖಕ್ಕೆ ಬಿಳಿ ಪುಡಿ ಬಳಿದೆ, ಜುಟ್ಟನ್ನು ಬೇರೆ ಥರ ಕಟ್ಟಿದೆ.

ಅಣ್ಣ ಬಹಳ ಹೊತ್ತು ನೋಡಿದ. "ಯಾರೋ ದೊಡ್ಡ ಮನೆ ಹುಡುಗ. ಪಾಪ, ಅಕ್ಕ ಇದ್ದಾಳೇನೋ, ದಾರಿ ಕಾಯ್ತಿರ್ತಾಳೆ" ಎಂದ. ನಾನು ನೀರಿನ ಬೋಗುಣಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಹೂಂ ಎಂದೆ.

ನಿನ್ನ ಹೆಸರು ಹಿಡಿದು ಮಂತ್ರ ಹೇಳಿಸಲಾಗಲಿಲ್ಲ. ಈ ಕಾಗದವನ್ನು ನಿನ್ನ ಜೊತೆಗೇ ಹೂಳುತ್ತೇನೆ. ನಾಳೆ ಆ ಲೋಕದಲ್ಲಿ ನಿನ್ನನ್ನು ಕಂಡು ಅಣ್ಣ ಬೆಚ್ಚಿದರೆ, ತಪ್ಪನ್ನು ನನ್ನ ಮೇಲೆ ಹಾಕು.

ಮುಂದಿನ ಜನ್ಮದಲ್ಲಾದರೂ, ಉಳಿಸಿಕೊಳ್ಳಲು ಹೆಸರೇ ಇಲ್ಲದ ಮನೆಯಲ್ಲಿ ಹುಟ್ಟು, ಮಗು.

ಇಂತಿ ನಿನ್ನ ಅಕ್ಕ,
ನಾಮಿ