ಉಪ್ಪು ಮುಟ್ಟದ ಕಾರು

ಅಪ್ಪಾ,

ಪೆಟ್ರೋಲಿಗೆ ಸಾಲು ನಿಂತ ವರ್ಷ ನೀನು ಕೊಂಡ ಪುಟ್ಟ ಮಸ್ಟಾಂಗನ್ನು, ನೀನು ತೀರಿಕೊಂಡ ಮೇಲೆ ಮೊದಲ ಸಲ, ಇವತ್ತು ಟೊಲಿಡೊದ ಹಳೇ ಕಾರುಗಳ ಮೇಳಕ್ಕೆ ಒಯ್ದಿದ್ದೆ. ಪರೀಕ್ಷಕ ವೆಂಡೆಲ್ ಟಾರ್ಚ್ ಹಿಡಿದು ಕಾರಿನಡಿ ತೂರಿದ.

“ಚಳಿಗಾಲದಲ್ಲಿ ಹೊರಗೇ ತೆಗೀತಿರ್ಲಿಲ್ಲ ಅಲ್ವೇನಮ್ಮಾ ನಿಮ್ಮಪ್ಪ?”

“ಹಿಮ ಕರಗ್ಲಿ ಅಂತ ರಸ್ತೆಗೆ ಉಪ್ಪು ಸುರಿದ್ರೆ ಮುಗೀತು, ತುಕ್ಕು ಹಿಡಿಯತ್ತೆ ಅಂತ ಕಾರು ಮುಟ್ತಿರ್ಲಿಲ್ಲ. ನಾನು ಜಗಳ ಆಡಿ ಮನೆ ಬಿಟ್ಟ ದಿನಾನೂ!” ಎಂದು ನಕ್ಕೆ. ಮೂವತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದ ಮಾತು.

“ಒಂದ್ಸಲ ತೆಗೆದಿದಾರೆ. ಚಕ್ರದ ಹಿಂದೆ ತುಕ್ಕಿದೆ ನೋಡಿ. ಬಂದ್ಮೇಲೆ ತೊಳೆದೂ ಇಲ್ಲ ಪುಣ್ಯಾತ್ಮ.”

ಕಾಗದಪತ್ರಕ್ಕೆಂದು ಡ್ಯಾಶ್‌ಬೋರ್ಡಿನ ಖಾನೆ ತೆರೆದರೆ ಬಸ್ ನಿಲ್ದಾಣದ ಪಾರ್ಕಿಂಗ್ ಚೀಟಿ. ನಾನು ಹೋದ ದಿನದ್ದೇ. ನನ್ನ ಬಸ್ಸು ಹೊರಟದ್ದು ನಾಲ್ಕಕ್ಕೆ. ಚೀಟಿಯಲ್ಲಿ ನೀನು ಒಳಬಂದ ಹೊತ್ತು ನಾಲ್ಕು ಹತ್ತು.

“ಉಜ್ಜಿದ್ರೆ ಹೋಗತ್ತೆ, ಉಜ್ಜಲಾ?” ಎಂದ ವೆಂಡೆಲ್.

ತುಕ್ಕಿಗೆ ಕೈ ಅಡ್ಡವಿಟ್ಟು ಅಲ್ಲೇ ಕುಳಿತುಬಿಟ್ಟೆ.