ಅಣ್ಣ ಓಡಾಡುತ್ತಾನಂತೆ

ಮಾರ್ಚ್ ೧೪, ಸಂಜೆ
ಅಂಗಡಿಯಿಂದ

ಕಂಡಕ್ಟರ್ ಸಾಹೇಬನಾದ ನನ್ನ ತಮ್ಮನಿಗೆ ಅಕ್ಕನ ಪ್ರೀತಿಯ ಆಶೀರ್ವಾದಗಳು.

ನಿನ್ನ ಎರಡು ಕಾಗದಗಳೂ ಮೇಜಿನ ಮೇಲೆ ನನ್ನನ್ನೇ ದುರುಗುಟ್ಟಿಕೊಂಡು ಕೂತಿವೆ. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಹೇಗೆ ಶುರು ಮಾಡಲಿ ಎಂದು ತಿಳಿಯದೆ ದಿನ ತಳ್ಳಿದೆ. ಫೋನಿನಲ್ಲಿ ಹೇಳೋಣವೆಂದರೆ ಅಮ್ಮನ ಕಿವಿ ಗೋಡೆಯ ಆಚೆಗೇ ಇರುತ್ತದೆ.

ಈ ತಿಂಗಳ ಕೊನೆಗೆ ನಮ್ಮ ಗಡಿಯಾರದ ಅಂಗಡಿಗೆ ಬೀಗ ಹಾಕಿಸುತ್ತೇನೆಂದು ಅಮ್ಮ ಪಟ್ಟು ಹಿಡಿದಿದ್ದಾಳೆ. ಕಾರಣ ಕೇಳಿದರೆ ನಗಬೇಡ. ತೀರಿಕೊಂಡ ಅಣ್ಣ ಅಂಗಡಿಯಲ್ಲಿ ಓಡಾಡುತ್ತಿದ್ದಾನಂತೆ. ರಿಪೇರಿ ಕುರ್ಚಿಯಿಂದ ಒಳಮನೆಯ ಬಾಗಿಲಿನವರೆಗೆ ಬಿಳಿ ಟೈಲ್ಸಿನ ಮೇಲೆ ಕಂದು ಕಲೆಗಳು ಬಿದ್ದಿದ್ದವು, ಹೆಜ್ಜೆ ಬಿಟ್ಟು ಹೆಜ್ಜೆ. ಒಳಗೆ ಕೆಂಪು ಗಾರೆ ನೆಲ, ಅಲ್ಲಿ ಏನೂ ಕಾಣಲಿಲ್ಲ. ಗುಡಿಸಲು ಹೋದ ಅಮ್ಮ ಪೊರಕೆ ಬಿಸಾಕಿ ಕೂಗಿಕೊಂಡಳು. ಒರೆಸಿದೆವು. ಮಾರನೆಯ ದಿನ ಮತ್ತೆ ಬಿದ್ದಿದ್ದವು.

"ಅವನೇ ಕಣೇ. ಕುರ್ಚೀಲೇ ಹೋದ ಜೀವ, ಆ ಕುರ್ಚಿ ಬಿಟ್ಟು ಹೋಗ್ತಿಲ್ಲ" ಎಂದಳು.

"ಬದುಕಿದ್ದಾಗ ಎದ್ದು ಒಂದು ಲೋಟ ನೀರು ತಗೊಂಡೋನಲ್ಲ. ಈಗ ವಾಕಿಂಗ್ ಶುರು ಮಾಡಿದ್ನಾ?" ಎಂದುಬಿಟ್ಟೆ. ಅಮ್ಮ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.

ಅಪ್ಪ ಹೋದಾಗಲೂ ಅಮ್ಮ ಕುರ್ಚಿಯನ್ನೇ ಬೈದದ್ದು ನಿನಗೆ ನೆನಪಿರಬೇಕು. ಗಂಡಸರನ್ನು ನುಂಗುವ ಕುರ್ಚಿ ಎಂದು ಅದನ್ನು ಒಡೆಸಿ ಒಲೆಗೆ ಹಾಕಿದಳು. ಅಣ್ಣನಿಗಾಗಿ ಮೆತ್ತನೆಯ ಸೀಟಿನ, ಗಾಲಿಗಳಿರುವ ಹೊಸ ಕುರ್ಚಿ ತರಿಸಿದಳು. ಅಪ್ಪನಾದರೂ ಕಪಾಟಿನಿಂದ ಡಬ್ಬಿ ತೆಗೆಯಲು ಏಳುತ್ತಿದ್ದರು. ಅಣ್ಣ ಕಾಲಿನಿಂದ ನೆಲ ಒತ್ತಿದರೆ ಸಾಕು, ಕುರ್ಚಿಯೇ ಅವನನ್ನು ಕಪಾಟಿನ ಹತ್ತಿರ ಒಯ್ಯುತ್ತಿತ್ತು. ಮಗ ಎಷ್ಟು ಸುಖವಾಗಿದ್ದಾನೆ ಎಂದು ಅಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದಳು. ಅಪ್ಪನ ವಯಸ್ಸನ್ನೂ ಮುಟ್ಟದೆ ಅವನು ಅದರಲ್ಲೇ ಒಂದು ಪಕ್ಕಕ್ಕೆ ವಾಲಿದ.

ಅವತ್ತು ಡಾಕ್ಟರಮ್ಮ ಸಿಟ್ಟಿನಲ್ಲೇ ಹೇಳಿದರು: "ಶಾಪಾನೂ ಇಲ್ಲ, ಮಣ್ಣೂ ಇಲ್ಲ. ಸಕ್ಕರೆ ಕಾಯಿಲೆ, ಬಿಪಿ, ಜೊತೆಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತಲ್ಲೇ ಕೂತ ಮೈ. ಸುತ್ತಮುತ್ತಲ ಊರುಗಳಿಂದ ನನ್ನ ಹತ್ರ ಬರೋರಲ್ಲಿ ಅರ್ಧ ಜನ ಇದೇ. ಮನೆಯವರೆಲ್ಲ ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ."

ನಮ್ಮ ಬೀದಿಯನ್ನು ನೋಡಿದರೆ ಅವರ ಮಾತು ಸುಳ್ಳೆನ್ನಲು ಬಾಯಿ ಬರುವುದಿಲ್ಲ. ಟೈಲರನ ಬಾಯಿ ಸೊಟ್ಟಗಾಗಿದೆ. ಔಷಧಿ ಅಂಗಡಿಯವನು ಔಷಧಿಯ ನಡುವೆಯೇ ಎದೆ ಹಿಡಿದುಕೊಂಡು ಹೋದ. ಎದುರಿನ ಜೆರಾಕ್ಸ್ ಅಂಗಡಿಯವಳಿಗೆ ಮೊಣಕಾಲಿನ ಕೆಳಗೆ ಒಂದು ಕಾಲಿಲ್ಲ. ಮೊದಲು ಆಗಿದ್ದು ಒಂದು ಪುಟ್ಟ ಗಾಯವಂತೆ. ಹೋದ ತಿಂಗಳು ಆರೋಗ್ಯ ಇಲಾಖೆಯವರು ಎಲ್ಲರ ಸೊಂಟ ಅಳೆಯಲು ಟೇಪು ಹಿಡಿದು ಬಂದಿದ್ದರು. ಟೈಲರ್ ಅರ್ಧ ಬಾಯಲ್ಲೇ, "ಅಳತೆ ತಗೊಳ್ಳೋದು ನನ್ನ ಕೆಲ್ಸ ಕಣ್ರೀ" ಎಂದು ಇಡೀ ಬೀದಿಯನ್ನು ನಗಿಸಿದ. ನಾನೂ ನಕ್ಕೆ. ಅವರು ನನ್ನ ಅಂಗಡಿಗೆ ಬರುವಷ್ಟರಲ್ಲಿ ಗಿರಾಕಿ ಇದ್ದಾರೆಂದು ಸಾಗಹಾಕಿದೆ. ರಕ್ತ ಪರೀಕ್ಷೆಯೂ ಹಾಗೇ ಉಳಿದಿದೆ, ಕುರ್ಚಿ ಬಿಟ್ಟು ಏಳಲು ಪುರುಸೊತ್ತಾದರೆ ತಾನೆ.

ಏನೇ ಆಗಲಿ, ಈ ಕುರ್ಚಿ ನನಗೆ ಬೇಕು ಕಣೋ. ಗಂಡನ ಮನೆಯಿಂದ ವಾಪಸು ಬಂದವಳು ಅಣ್ಣನ ಪಕ್ಕ ಸ್ಟೂಲಿನ ಮೇಲೆ ವರ್ಷಗಟ್ಟಲೆ ಕೂತು ಸೆಲ್ಲು ಬದಲಿಸಿದೆ, ಬೆಲ್ಟು ಹಾಕಿದೆ. ಈಗ ಜನ ನನ್ನನ್ನು 'ವಾಚಮ್ಮ' ಎಂದು ಹುಡುಕಿಕೊಂಡು ಬರುತ್ತಾರೆ. ಕೆಟ್ಟು ನಿಂತ ಗಡಿಯಾರ ನನ್ನ ಕೈಯಲ್ಲಿ ಟಿಕ್ ಎಂದಾಗ ಆಗುವ ಖುಷಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅಪ್ಪನ ಕಟ್ಟುನಿಟ್ಟನ್ನೂ ಬಿಟ್ಟಿಲ್ಲ, ಅಂಗಡಿಯೊಳಗೆ ಬರಿಗಾಲೇ. "ಬಿದ್ದ ಪಿನ್ನು ಚಪ್ಪಲಿಗೆ ಅಂಟ್ಕೊಂಡ್ರೆ ಬೀದಿಪಾಲು. ಬರಿಗಾಲಾದ್ರೆ ಚುಚ್ಚುತ್ತೆ, ಗೊತ್ತಾಗುತ್ತೆ" ಎನ್ನುತ್ತಿದ್ದರಲ್ಲ. ನೀನು ಒಂಟಿಕಾಲಲ್ಲಿ ಕುಣಿಯುತ್ತಾ "ಸಿಕ್ತು, ಸಿಕ್ತು!" ಎಂದು ಕಿರುಚುತ್ತಿದ್ದೆ. ಹೋದ ವಾರ ವಾಚಿನ ಸ್ಟೀಲ್ ಚೈನಿನ ಪಿನ್ನೊಂದು ಕೈಜಾರಿತು. ನೆಲವನ್ನೆಲ್ಲ ಕಾಲಿನಿಂದ ತಡಕಾಡಿದೆ, ಸಿಗಲೇ ಇಲ್ಲ.

ಅಮ್ಮ ಈಗ ಮಲಗುವ ಮುಂಚೆ ಕುರ್ಚಿಯ ಪಕ್ಕ ಒಂದು ಚೊಂಬು ನೀರಿಡುತ್ತಾಳೆ, ಬಾಯಾರಿ ಬಂದಿರುತ್ತಾನೆಂದು. ಬೆಳಿಗ್ಗೆ ಚೊಂಬು ಖಾಲಿ. ಕುಡಿಯುವವಳು ನಾನು, ಈಚೆಗೆ ನನಗೆ ವಿಪರೀತ ದಾಹ. ಎಷ್ಟು ಹೇಳಿದರೂ ಅಮ್ಮ ನಂಬುವುದಿಲ್ಲ. ಆದರೆ ಆ ಕಲೆಗಳು? ಅವಕ್ಕೆ ನನ್ನ ಹತ್ತಿರವೂ ಉತ್ತರವಿಲ್ಲ. ಒಬ್ಬಳೇ ಇರುವಾಗ ಕುರ್ಚಿಯ ಗಾಲಿ ಕಿರ್ ಎಂದರೆ ನಗುತ್ತೇನೆ, ತಿರುಗಿ ಮಾತ್ರ ನೋಡುವುದಿಲ್ಲ.

ನೀನು ಅಮ್ಮನಿಗೆ ಒಂದು ಕಾಗದ ಬರೆ. ದೆವ್ವವೂ ಇಲ್ಲ, ಗಿವ್ವವೂ ಇಲ್ಲ, ಅಕ್ಕ ಅಂಗಡಿ ನಡೆಸಲಿ ಎಂದು ಬರೆ. ನಿನ್ನ ಮಾತನ್ನು ಅವಳು ತೆಗೆದುಹಾಕುವುದಿಲ್ಲ. ದಿನವಿಡೀ ಬಸ್ಸಿನಲ್ಲಿ ನಿಂತು ಕಾಲು ನೋಯುತ್ತದೆ ಎಂದು ಎರಡು ಕಾಗದದಲ್ಲೂ ಗೊಣಗಿದ್ದೀಯ. ನಮ್ಮ ಮನೆಯವರಲ್ಲಿ ನಿಂತು ದುಡಿಯುವವನು ನೀನೊಬ್ಬನೇ, ಗೊಣಗಿಕೊಂಡೇ ನೂರು ಕಾಲ ಬಾಳು.

ಇತಿ, ನಿನ್ನ ಅಕ್ಕ
ವಾಚಮ್ಮ

ತಾ. ಕ. (ಮಾರ್ಚ್ ೧೫): ಕಾಗದವನ್ನು ಇನ್ನೂ ಅಂಚೆ ಡಬ್ಬಕ್ಕೆ ಹಾಕಿರಲಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಕಲೆ. ಒರೆಸಲೆಂದು ಕಾಲು ಮಡಿಸಿ ಕೂತಾಗ ನನ್ನ ಎಡ ಅಂಗಾಲು ಕಣ್ಣಿಗೆ ಬಿತ್ತು. ಕಳೆದುಹೋದ ಪಿನ್ನು ಹಿಮ್ಮಡಿಯಲ್ಲಿ ಹೂತುಕೊಂಡಿದೆ, ಸುತ್ತ ಚರ್ಮ ಕಪ್ಪಗಾಗಿದೆ. ಚಿಮಟದಿಂದ ಕಿತ್ತೆ, ರಕ್ತ ಬಂತು, ನೋವು ಬರಲಿಲ್ಲ. ಬೆರಳುಗಳನ್ನೂ ಒಂದೊಂದಾಗಿ ಚುಚ್ಚಿ ನೋಡಿದೆ, ಯಾರದೋ ಕಾಲನ್ನು ಚುಚ್ಚಿದ ಹಾಗಿತ್ತು. ನಿನ್ನ ನೋಯುವ ಕಾಲಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಕಣೋ. ಕಾಗದ ಬೇಡ, ನೀನೇ ಬಾ. ಡಾಕ್ಟರಮ್ಮನ ಹತ್ತಿರ ಒಬ್ಬಳೇ ಹೋಗಲು ಭಯವಾಗುತ್ತಿದೆ. ಅಮ್ಮನಿಗೆ ಏನೂ ಹೇಳಬೇಡ. ಈಗಷ್ಟೇ ಒಳಗಿನಿಂದ, "ಮತ್ತೆ ಬಂದಿದ್ನೇನೇ?" ಎಂದು ಕೇಳಿದಳು. "ಹೂಂ ಅಮ್ಮ, ಬಂದಿದ್ದ" ಎಂದೆ.