ಕಿಟಕಿ ಅಜ್ಜಿ ಲೈನಿನಲ್ಲಿದ್ದಾರೆ

ಜೂನ್ ೫, ಗುರುವಾರ. ಮಧ್ಯಾಹ್ನ

ಬೆಳಗ್ಗೆಯಿಂದ ಎರಡು ಗ್ರೂಪ್ ಫೋಟೋ, ಒಂದು ಸರ್ಟಿಫಿಕೇಟು. ಗಾಜು ಒಂದೇ ಗೀಟಿಗೆ ತುಂಡಾಯಿತು. ಈ ಬೀದಿಯಲ್ಲಿ ಇನ್ನೊಬ್ಬ ಫ್ರೇಮಿನವನಿಗೆ ಆಗುತ್ತದೆಯೇ, ಯಾರಾದರೂ ಹೇಳಲಿ. ಮೂಲೆಗೆ ಮೂಲೆ ಕೂಡಿದ ಮೇಲೆ ನಡುವೆ ಕೂದಲೂ ತೂರಬಾರದು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನ ಕೈ ಇದು.

ಎರಡು ಗಂಟೆಗೆ ಪಕ್ಕದ ಕಟಿಂಗ್ ಶಾಪಿನವನು ರೇಡಿಯೋ ಜೋರು ಮಾಡಿದ. ಮೈಕಿನ ಪ್ರೋಗ್ರಾಂ. ಮೈಕು ಎಂದರೆ ನನ್ನ ತಂಗಿಯ ಮಗಳು. ಹಾಗೆ ಹೆಸರಿಟ್ಟವನು ನಾನೇ — ಹಾಲು ಕುಡಿಯುವ ಕೂಸಾಗಿದ್ದಾಗಲೇ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದಳು. ಈಗ ಎಫ್‌ಎಂನವರು ಆ ಗಂಟಲಿಗೆ ಸಂಬಳ ಕೊಡುತ್ತಾರೆ. ವಾರಕ್ಕೊಂದು ಗಂಟೆ. ಈ ಮಳೆಗಾಲ ಮುಗಿಯುವವರೆಗೆ ಟ್ರಯಲ್ಲು. ಫೋನುಗಳು ಬಂದರೆ ಪರ್ಮನೆಂಟು, ಇಲ್ಲದಿದ್ದರೆ ಮನೆಗೆ. ಯಾರ ಮನೆಗೆ? ನನ್ನ ಮನೆಗೆ. ಗಂಡ ಸತ್ತ ಮೇಲೆ ತಂಗಿ ಇವಳನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದೂ ಅಲ್ಲಿಗೇ.

ಇವತ್ತು ಏನೇನೋ ಹರಟಿದಳು. ಸಿನಿಮಾದ ಹೀರೋ ಮಳೆಯಲ್ಲಿ ನಿಂತು ಪೂರ್ತಿ ಒಂದು ಹಾಡು ಅಳುತ್ತಾನಂತೆ, ನೆಗಡಿ ಆಗುವುದಿಲ್ಲವಂತೆ; ತಾನು ಬಸ್ ಸ್ಟಾಪಿನಲ್ಲಿ ಎರಡು ನಿಮಿಷ ಅತ್ತರೆ ಮೂಗು ಸೋರಿ ಕಂಡಕ್ಟರ್ ಚಿಲ್ಲರೆಗೆ ಬದಲು ಕರ್ಚೀಫು ಕೊಡುತ್ತಾನಂತೆ. ಸೀರಿಯಲ್ಲಿನ ನಾಯಕಿ ಕೋಮಾದಲ್ಲಿದ್ದರೂ ಲಿಪ್‌ಸ್ಟಿಕ್ ಮಾಸಿಲ್ಲವಂತೆ. ಆಮೇಲೆ —

"ನಮ್ಮನೇಲೂ ಒಬ್ರು ಇದಾರೆ. ರಿಮೋಟ್ ಎದೆ ಮೇಲಿಟ್ಕೊಂಡು ಕೋಮಾಗೆ ಹೋಗ್ತಾರೆ. ಮೆಲ್ಲಗೆ ರಿಮೋಟ್ ಮುಟ್ಟಿ ನೋಡಿ, ಎದ್ದು ಕೂತ್ಕೋತಾರೆ. ಡಾಕ್ಟರೇ ಬೇಡ."

ಕಟಿಂಗಿನವನು ಕತ್ತರಿ ಹಿಡಿದುಕೊಂಡೇ ನನ್ನ ಬಾಗಿಲಿಗೆ ಬಂದು ಹಲ್ಲು ಕಿರಿದ. ಯಾರ ವಿಷಯವೋ ಗೊತ್ತಿಲ್ಲ ಎಂದೆ.

ನಾನಿಟ್ಟ ಅನ್ನ. ಇರಲಿ.

ಜೂನ್ ೧೨, ಗುರುವಾರ

ಆಯಿತು. ಸರಿಯಾಗಿ ಕೊಟ್ಟೆ ಅವಳಿಗೆ.

ಶಾಲೆಯ ನಾಟಕದಲ್ಲಿ ಮುದುಕಿಯ ಪಾತ್ರ ಮಾಡಿದವನು ನಾನು. ಹೆಡ್ ಮೇಷ್ಟರ ಹೆಂಡತಿ ವೇದಿಕೆಗೆ ಬಂದು ನನ್ನ ಕೈ ಹಿಡಿದು ಮೆಟ್ಟಿಲು ಇಳಿಸಿದ್ದಳು, ನಿಜವಾದ ಮುದುಕಿಯೆಂದು. ಆ ದನಿ ಇಷ್ಟು ವರ್ಷ ಗಂಟಲಲ್ಲೇ ಕೂತಿತ್ತು. ಹಿಂದಿನ ಪ್ಲೈವುಡ್ ಕೋಣೆಯ ಬಾಗಿಲು ಹಾಕಿ ಅಂಗಡಿಯ ಹಳೇ ಫೋನಿನಿಂದ ಮೈಕಿನ ಪ್ರೋಗ್ರಾಮಿಗೇ ತಿರುಗಿಸಿದೆ. ಮೊಬೈಲಿನಲ್ಲಿ ಮಾಡಿದರೆ ನಂಬರ್ ಬೀಳುತ್ತದೆ. ಈ ಫೋನಿಗೆ ಪರದೆಯೇ ಇಲ್ಲ, ನಂಬರ್ ಬೀಳುವುದಾದರೂ ಎಲ್ಲಿಗೆ? ತಲೆ ಬೇಕು ಇದಕ್ಕೆಲ್ಲ.

"ಮಗಾ, ಮನೆ ದೊಡ್ಡವರನ್ನ ರೇಡಿಯೋದಲ್ಲಿ ಒಣಗಾಕ್ತೀಯಲ್ಲ. ಯಾವ ಬಟ್ಟೇನ ಬೀದಿ ಕಡೆ ಹಾಕ್ಬೇಕು, ಯಾವುದನ್ನ ಹಿತ್ತಿಲಲ್ಲಿ ಹಾಕ್ಬೇಕು ಅಂತ ನಿಮ್ಮಮ್ಮ ಹೇಳ್ಕೊಡ್ಲಿಲ್ವಾ?"

ಅವಳು ನಕ್ಕಳು. ಎಲ್ಲಿಂದ ಮಾತಾಡುತ್ತಿದ್ದೀರಿ ಎಂದು ಕೇಳಿದಳು. ಕಿಟಕಿ ಪಕ್ಕದಿಂದ ಎಂದೆ, ಮಂಡಿ ನೋವು, ದಿನವೆಲ್ಲ ಇಲ್ಲೇ ಕೂತಿರುತ್ತೇನೆ ಎಂದೆ. ಬಾಯಿಗೆ ಬಂದಿದ್ದು. ಹುಟ್ಟು ಕಲಾವಿದನಿಗೆ ಹಾಗೇ ಬರುತ್ತದೆ.

ಹೊರಗೆ ಬಂದಾಗ ಕಟಿಂಗಿನವನು ಗಿರಾಕಿಗೆ ಹೇಳುತ್ತಿದ್ದ — ಯಾವುದೋ ಅಜ್ಜಿ ಫೋನ್ ಮಾಡಿತ್ತು, ಬಾಯಿ ಅಂದರೆ ಬಾಯಿ.

ಜೂನ್ ೨೬, ಗುರುವಾರ

ಮೂರನೇ ಸಲ. ಈಗ ಹೆಸರೇ ಬಿದ್ದಿದೆ, ಕಿಟಕಿ ಅಜ್ಜಿ. ಅವಳು ಹಾಡು ಹಾಕುವ ಮೊದಲೇ ಜನ ಕೇಳುತ್ತಾರಂತೆ, ಅಜ್ಜಿ ಬಂದರಾ ಎಂದು. ಮೈಕು ಪ್ರೇಮಗೀತೆಗಳನ್ನು ಹಿಡಿದು ಜಾಡಿಸುತ್ತಿದ್ದಳು — 'ನೀನಿಲ್ಲದೆ ಉಸಿರಾಡಲಾರೆ' ಎಂದು ಹಾಡುವವನು ಅಷ್ಟು ಉದ್ದ ರಾಗ ಎಳೆಯಲು ಉಸಿರು ಎಲ್ಲಿಂದ ತರುತ್ತಾನೆ ಎಂದು. ನಾನು ಹೇಳಿದೆ, ಮಗಾ, ಬಿಟ್ಟುಹೋದ ಮೇಲೇ ಉಸಿರು ಸಲೀಸಾಗಿ ಬರೋದು. ಸ್ಟುಡಿಯೋದಲ್ಲಿದ್ದವರೆಲ್ಲ ನಕ್ಕಿದ್ದು ಲೈನಿನಲ್ಲೇ ಕೇಳಿತು.

ರಾತ್ರಿ ಊಟಕ್ಕೆ ಕೂತಾಗ ತಂಗಿಯೂ ಅಜ್ಜಿಯ ಮಾತು ನೆನೆದು ನಕ್ಕಳು. ಅವಳ ಹಲ್ಲು ನೋಡಿ ಎಷ್ಟು ಕಾಲವಾಗಿತ್ತೋ. ಮೈಕು ತಲೆ ಎತ್ತದೆ, ಮಾವ, ನೀವೂ ಕೇಳ್ತೀರಾ ಎಂದಳು. ಪರವಾಗಿಲ್ಲ, ಅನುಭವಸ್ಥ ಹೆಂಗಸು ಎಂದೆ.

ಒಂದು ಮಾತು ಬರೆಯದೆ ಉಳಿದಿತ್ತು. ಮೈಕನ್ನು ಬೈಕಿನಲ್ಲಿ ತಿರುಗಿಸುತ್ತಿದ್ದನಲ್ಲ ಫೋಟೋ ಸ್ಟುಡಿಯೋ ಹುಡುಗ, ಅವನು ಹೋದ ತಿಂಗಳು ಅಂಗಡಿಗೆ ಬಂದಿದ್ದ. ಫ್ರೇಮಿಗೆ ಕೊಟ್ಟಿದ್ದು ನಿಶ್ಚಿತಾರ್ಥದ ಫೋಟೋ. ಪಕ್ಕದಲ್ಲಿ ನಿಂತವಳು ಬೇರೆ. ನಾನು ಯಾರ ಮಾವನೆಂದು ಅವನಿಗೆ ಗೊತ್ತಿರಲಿಲ್ಲ, ಪಾಪ. ಚಿನ್ನದ ಅಂಚು ಹಾಕಿದೆ, ಒಳ್ಳೇ ಕೆಲಸ. ಆ ದಿನ ಊಟದಲ್ಲಿ ಮೈಕಿಗೆ ಸುದ್ದಿ ಹೇಳಿದೆ. ಸಾರು ಬಡಿಸಿಕೊಳ್ಳುತ್ತಿದ್ದವಳು ಸೌಟು ಕೆಳಗಿಡಲಿಲ್ಲ. ಗಟ್ಟಿಗಿತ್ತಿ. ನಮ್ಮ ಕಡೆಯ ರಕ್ತ.

ಜುಲೈ ೧೦, ಗುರುವಾರ. ಸಂಜೆ

ಅಕ್ಷರ ಸೊಟ್ಟ ಬರುತ್ತಿದೆ. ಪೆನ್ನು ಸರಿಯಿಲ್ಲ.

ಇವತ್ತು ಅಜ್ಜಿಯ ಮಾತು ಮುಗಿದ ಮೇಲೆ ಅವಳು ಒಂದು ಹಾಡು ಹಾಕಿ ಲೈನಿನಲ್ಲೇ ಇರಿ ಎಂದಳು. ಹಾಡು ನಡೆಯುವಾಗ ನಮ್ಮ ಮಾತು ಹೊರಗೆ ಹೋಗುವುದಿಲ್ಲವಂತೆ. ನಿಮ್ಮ ಫೋನಿನಿಂದಲೇ ಪ್ರೋಗ್ರಾಂ ನಿಂತಿದೆ ಅಜ್ಜಿ, ಮ್ಯಾನೇಜರ್ ಪರ್ಮನೆಂಟ್ ಮಾಡುವ ಹಾಗಿದ್ದಾರೆ, ಹಾಗೆ ಆದ ತಕ್ಷಣ ಅಮ್ಮನನ್ನು ಕರೆದುಕೊಂಡು ಬೇರೆ ಮನೆ ಮಾಡುತ್ತೇನೆ ಎಂದಳು.

ನಾನು ಮುದುಕಿಯ ದನಿಯಲ್ಲಿ, ಈಗಿರೋ ಮನೆಗೇನಾಗಿದೆ ಮಗಾ ಎಂದೆ.

"ಅಲ್ಲಿ ಅಮ್ಮ ಅಡುಗೆಮನೇಲಿ ಮಲಗ್ತಾಳೆ ಅಜ್ಜಿ. ಹಾಲ್‌ನಲ್ಲಿ ಟೀವಿ ಮಲಗುತ್ತೆ."

"ನಿಮ್ಮ ಮಾವ ಅಷ್ಟು ಕೆಟ್ಟವನಾ?"

"ಕೆಟ್ಟವರಾಗೋಕೂ ಒಂದು ಗಾತ್ರ ಬೇಕಲ್ಲ ಅಜ್ಜಿ. ಅವರು ಚಿಕ್ಕವರು."

ಹೌದಾ ಮಗಾ ಎಂದೆ. ಬೇರೇನು ಹೇಳಲಿ, ಮುದುಕಿಗೆ ಕೋಪ ಬರುವ ಕಾರಣವಿಲ್ಲ. ಹಾಡು ಮುಗಿಯಿತು.

ಚಿಕ್ಕವನಂತೆ. ಅಂಗಡಿ ಕಟ್ಟಿದವನು. ಮದುವೆಯಾಗದೆ ಉಳಿದಿದ್ದೂ ನನಗೆ ತಕ್ಕವಳು ಹುಟ್ಟದ್ದರಿಂದ. ಚಿಕ್ಕವನಂತೆ.

ಜುಲೈ ೧೩, ಭಾನುವಾರ

ತಂಗಿಯನ್ನು ನೋಡುತ್ತಾ ಕೂತಿದ್ದೆ. ನನ್ನ ಶರ್ಟಿನ ಕಾಲರು ಉಜ್ಜುತ್ತಿದ್ದಳು. ಇವಳು ಹೋದರೆ ಕಾಲರು ಯಾರು ಉಜ್ಜಬೇಕು, ನಾನೇ? ಸಂಬಳಕ್ಕೆ ಜನ ಸಿಗುತ್ತಾರೆ, ಆದರೆ ಹೊರಗಿನವರನ್ನು ಬೈದರೆ ಮಾರನೇ ದಿನ ಬರುವುದಿಲ್ಲ.

ಎಲ್ಲಿಗಾದರೂ ಹೋಗುವ ಯೋಚನೆ ಇದೆಯಾ ಎಂದು ಕೇಳಿದೆ. ನನಗೇನು ಗೊತ್ತು ಅಣ್ಣ ಎಂದಳು. ಉಜ್ಜುವುದು ಮಾತ್ರ ಜೋರಾಯಿತು.

ಅವಳ ಪ್ರೋಗ್ರಾಂ ಪರ್ಮನೆಂಟ್ ಆಗಬಾರದು. ಅಷ್ಟೇ ವಿಷಯ.

ಜುಲೈ ೧೭, ಗುರುವಾರ

ಬಾಗಿಲು ಹಾಕಿದೆ. ತಿರುಗಿಸಿದೆ. ಅವಳು ಉತ್ಸಾಹದಲ್ಲೇ ಹೇಳಿದಳು — ಕಿಟಕಿ ಅಜ್ಜಿ ಲೈನಿನಲ್ಲಿದ್ದಾರೆ. ನಾಯಕಿ ಕೋಮಾದಿಂದ ಎದ್ದಳಂತೆ, ಎದ್ದವಳೇ ಗಂಡನ ಎರಡನೇ ಮದುವೆಗೆ ನೆಟ್ಟಗೆ ಹೋದಳಂತೆ, ನೀವೇನು ಹೇಳುತ್ತೀರಿ ಎಂದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಯಿತು.

"ಅದಿರ್ಲಿ ಮಗಾ. ಆ ಫೋಟೋ ಹುಡುಗ ನಿನ್ನ ಬಿಟ್ಟು ಬೇರೆಯವಳ ಜೊತೆ ನಿಂತು ಫೋಟೋ ಹೊಡಿಸ್ಕೊಂಡ್ನಂತೆ? ಚಿನ್ನದ ಫ್ರೇಮಂತೆ? ಅದಕ್ಕೇನಾ ನೀನು ಊರಿನ ಪ್ರೀತಿ ಹಾಡಿಗೆಲ್ಲ ತಪ್ಪು ಹುಡುಕೋದು?"

ಏನೂ ಇಲ್ಲ. ಗೋಡೆಯಾಚೆ ಕಟಿಂಗ್ ಶಾಪಿನ ರೇಡಿಯೋದಲ್ಲೂ ಏನೂ ಇಲ್ಲ. ಕತ್ತರಿಯ ಸದ್ದೂ ನಿಂತಿತು. ರೇಡಿಯೋ ಸುಮ್ಮನಾದರೆ ಅದು ಕೆಟ್ಟಿದೆ ಎಂದೇ ಜನ ತಿಳಿಯುವುದು. ಅಷ್ಟು ಹೊತ್ತು. ಆಮೇಲೆ ಒಂದು ಜಾಹೀರಾತು ಬಂತು, ಸೋಪಿನದು.

ಮನೆಯಲ್ಲಿ ಮೈಕು ಉಂಡು ತಟ್ಟೆ ತೊಳೆದು ಮಲಗಿದಳು. ನಾನು ಎರಡು ಸೀರಿಯಲ್ಲು ನೋಡಿದೆ. ನಾಯಕಿ ನಿಜಕ್ಕೂ ಎದ್ದಿದ್ದಾಳೆ.

ಜುಲೈ ೨೪, ಗುರುವಾರ

ಇವತ್ತು ಎಷ್ಟು ತಿರುಗಿಸಿದರೂ ಎಂಗೇಜ್. ರಿಸೀವರ್ ಕಿವಿಗೆ ಹಿಡಿದೇ ಗೋಡೆಯಾಚೆಯ ರೇಡಿಯೋ ಕೇಳಿದೆ. ಸಂಗೀತವಿಲ್ಲದೆ ಶುರು ಮಾಡಿದಳು. ಮೆತ್ತಗಿನ ದನಿ.

ಕಿಟಕಿ ಅಜ್ಜಿ ಹೋಗಿಬಿಟ್ಟರಂತೆ. ಮಂಗಳವಾರ ಬೆಳಗ್ಗೆ, ಕಿಟಕಿ ಪಕ್ಕದ ಕುರ್ಚಿಯಲ್ಲೇ. ಪಕ್ಕದ ಮನೆಯವರು ಸ್ಟೇಷನ್ನಿಗೆ ಬಂದು ತಿಳಿಸಿದರಂತೆ. ಅಜ್ಜಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲವಂತೆ.

"ಕೊನೇಲಿ ಒಂದೇ ಮಾತು ಹೇಳಿದ್ರಂತೆ. ಆ ಹುಡುಗಿ ಹತ್ರ ಅವತ್ತು ಕೆಟ್ಟದಾಗಿ ಮಾತಾಡ್ಬಿಟ್ಟೆ, ನನ್ನದು ತಪ್ಪಾಯ್ತು, ಕಾಲಿಗೆ ಬೀಳ್ತೀನಿ ಅಂತ ಹೇಳ್ಬಿಡಿ ಅಂತ. ಬಿಡಿ ಅಜ್ಜಿ. ನಾನು ಮನಸ್ಸಿನಲ್ಲಿ ಇಟ್ಕೊಂಡಿಲ್ಲ."

ನನ್ನ ಕೊನೆಯ ಮಾತನ್ನು ನಾನೇ ಹೇಳಲಿಲ್ಲ. ಕಾಲಿಗೆ ಬೀಳುತ್ತೇನಂತೆ. ಯಾರು, ಯಾರ ಕಾಲಿಗೆ?

ಉಳಿದ ಹೊತ್ತೆಲ್ಲ ಫೋನುಗಳು. ಒಬ್ಬ ಲಾರಿ ಡ್ರೈವರು ಗಾಡಿ ಪಕ್ಕಕ್ಕೆ ನಿಲ್ಲಿಸಿ ಅಳುತ್ತಿದ್ದಾನೆ. ಒಬ್ಬ ನರ್ಸು ತನ್ನ ಅಜ್ಜಿ ಸತ್ತಾಗಲೂ ಇಷ್ಟು ಅತ್ತಿರಲಿಲ್ಲವಂತೆ. ಹೊರಗೆ ಬಂದೆ. ಕಟಿಂಗಿನವನು ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ ಹಾಗೇ ಬಿಟ್ಟು ಬೆಂಚಿನ ಮೇಲೆ ಕೂತಿದ್ದ. ಅಜ್ಜಿ ಹೋಗ್ಬಿಡ್ತು ಅಣ್ಣ ಎಂದ. ಅವನ ಹೆಗಲು ತಟ್ಟಿದೆ. ನನ್ನ ಸಾವಿಗೆ ನಾನೇ ಸಮಾಧಾನ ಹೇಳಿ ಬಂದೆ.

ಜುಲೈ ೨೬, ಶನಿವಾರ

ಮೈಕು ಅಂಗಡಿಗೆ ಬಂದಳು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ. ಗಿರಾಕಿಯ ಹಾಗೆ ಕೌಂಟರಿನ ಹೊರಗೇ ನಿಂತು ಒಂದು ಸುರುಳಿ ಬಿಚ್ಚಿದಳು. ಯಾರೋ ಕೇಳುಗರು ಪೆನ್ಸಿಲಿನಲ್ಲಿ ಬರೆದು ಕಳಿಸಿದ ಚಿತ್ರ. ಕಿಟಕಿ, ಕುರ್ಚಿ, ಬೆಳ್ಳಿ ಕೂದಲ ಮುದುಕಿ. ಚೆಂದದ ಮುಖ. ಬಾಯಿ ಮಾತ್ರ ನನ್ನದರಂತಿಲ್ಲ.

"ಸ್ಟುಡಿಯೋ ಗೋಡೆಗೆ ಹಾಕ್ತಾರೆ. ಕಪ್ಪು ಅಂಚು ಹಾಕಿ ಮಾವ."

ಯಾರಿದು ಎಂದೆ. ಕೇಳಬಾರದಿತ್ತು. ಅವಳು ನಗಲಿಲ್ಲ. ತಲೆ ಎತ್ತಿ ನನ್ನ ಅಂಗಡಿಯ ಬೋರ್ಡನ್ನು ಗದ್ದದಿಂದಲೇ ತೋರಿಸಿದಳು.

"ಅಲ್ಲಿ ಬರ್ಸಿದೀರಲ್ಲ ನಂಬರ್. ಯಾರೇ ಫೋನ್ ಮಾಡಿದ್ರೂ ನಮ್ಮ ಕಂಪ್ಯೂಟರ್ ಮೇಲೆ ಅವರ ನಂಬರ್ ಬೀಳುತ್ತೆ. ಹಳೇ ಫೋನಾದ್ರೂ ಬೀಳುತ್ತೆ. ಮೊದಲನೇ ದಿನಾನೇ ಬಿತ್ತು."

ಗೋಂದಿನ ಡಬ್ಬಿಯ ಮುಚ್ಚಳ ತಿರುವುತ್ತಾ ನಿಂತೆ. ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಚೆನ್ನಾಗಿ ಮಾಡ್ತಿದ್ರಿ. ನನಗೆ ಕಾಲ್ಸ್ ಬೇಕಿತ್ತು." ಚಿತ್ರದ ಮಡಿಕೆಯನ್ನು ಬೆರಳಿನಿಂದ ಸರಿಮಾಡಿದಳು. "ಅಡುಗೆಮನೆ ವಿಷಯ ಅಜ್ಜಿಗಲ್ಲ, ನಿಮಗೇ ಹೇಳಿದ್ದು. ಒಂದು ಮಂಚ ತರ್ತೀರೇನೋ ಅನ್ಕೊಂಡಿದ್ದೆ. ನೀವು ಫೋಟೋ ಹುಡುಗನ್ನ ತಂದ್ರಿ."

ಆಮೇಲೆ ಹೋಗುವಾಗ, ಪರ್ಮನೆಂಟ್ ಆಯಿತು ಎಂದಳು. ಅಜ್ಜಿ ಸತ್ತ ಸುದ್ದಿ ಹೇಳಿದ ದಿನ ಬಂದಷ್ಟು ಫೋನು ಸ್ಟೇಷನ್ನಿನಲ್ಲಿ ಯಾರಿಗೂ ಬಂದಿಲ್ಲವಂತೆ.

ಜುಲೈ ೩೧, ಗುರುವಾರ

ಯಾರು ಕೊಂದರೂ ಸಾಯಲು ನಾನೇನು ಸೀರಿಯಲ್ಲಿನವನೇ? ಕಟಿಂಗಿನವನ ಮೊಬೈಲು ಇಸಿದುಕೊಂಡೆ, ನನ್ನದರಲ್ಲಿ ಚಾರ್ಜ್ ಇಲ್ಲವೆಂದು. ಪ್ಲೈವುಡ್ ಕೋಣೆ. ಒಂದೇ ಸಲಕ್ಕೆ ಸಿಕ್ಕಿತು. ಅತ್ಯುತ್ತಮ ದನಿ ತೆಗೆದೆ, ಇಷ್ಟು ದಿನದಲ್ಲೇ ಅತ್ಯುತ್ತಮ.

"ಮಗಾ, ನಾನು ಕಣೇ, ಕಿಟಕಿ ಅಜ್ಜಿ. ಸತ್ತಿಲ್ಲ ನಾನು."

ಅವಳು ತಡಮಾಡಲಿಲ್ಲ.

"ನೋಡಿ ಕೇಳುಗರೇ. ಹೋದವರ ದನಿನೂ ಬಿಡದೆ ಕದಿಯೋ ಜನ ಇದಾರೆ. ಯಾರೋ ಗೊತ್ತಿಲ್ಲ, ಗಂಡಸಿನ ದನಿ. ಅಜ್ಜಿ ಥರ ಸ್ವಲ್ಪಾನೂ ಇಲ್ಲ."

ಕಟ್.

ಸ್ವಲ್ಪವೂ ಇಲ್ಲವಂತೆ!

ಮೊಬೈಲು ವಾಪಸ್ ಕೊಡಲು ಹೋದಾಗ ಕಟಿಂಗಿನವನು ಸಾಣೆಯ ಮೇಲೆ ಕತ್ತಿ ಎಳೆಯುತ್ತಿದ್ದ. ಅಂಥ ಬೇವಾರ್ಸಿ ಕೈಗೆ ಸಿಕ್ಕರೆ ಒಣ ಶೇವಿಂಗ್ ಮಾಡಿ ಕಳಿಸುತ್ತೇನೆ ಎಂದ. ಮಾಡಬೇಕಾದ್ದೇ ಎಂದೆ. ಅವನ ಫೋನಿನಿಂದ ಆ ಕಾಲ್ ಅಳಿಸಿದ್ದೇನೆ. ಅಳಿಸಿದ್ದೇನೆ ಅನಿಸುತ್ತದೆ.

ಆಗಸ್ಟ್ ೩, ಭಾನುವಾರ

ಹೋದರು. ಒಂದು ಆಟೋಗೆ ಹಿಡಿಸುವಷ್ಟೇ ಸಾಮಾನು. ತಂಗಿಯ ಹಾಸಿಗೆ ಸುತ್ತಿದರೆ ಇಷ್ಟೇ ಇಷ್ಟು ಎಂದು ಇವತ್ತು ಗೊತ್ತಾಯಿತು. ಬಾಗಿಲಲ್ಲಿ ನಿಂತು, ಗ್ಯಾಸ್ ತಿರುಗಿಸೋದು ಮರೀಬೇಡ ಅಣ್ಣ ಎಂದಳು. ನನಗೆ ಹೇಳಿಕೊಡುವಷ್ಟಾದಳು. ಎರಡು ದಿನದಲ್ಲಿ ವಾಪಸ್ ಬರುತ್ತೀಯ ಎಂದೆ. ಆಟೋದವನು ಕಾಯುತ್ತಿದ್ದ, ಮೈಕು ಅವನ ಪಕ್ಕಕ್ಕೆ ಬಾಗಿ ಯಾವುದೋ ಹಾಡಿಗೆ ಸೌಂಡು ಜೋರು ಮಾಡಿಸಿದಳು.

ಹಾಲು ಕೊಳ್ಳುವುದು ಎಲ್ಲಿಂದ ಎಂದು ಕೇಳಲು ಮರೆತೆ.

ಆಗಸ್ಟ್ ೭, ಗುರುವಾರ. ಎರಡೂವರೆ

ಕಪ್ಪು ಅಂಚಿನ ಫ್ರೇಮು ನೆನ್ನೆಯೇ ಮುಗಿದು ಸ್ಟೇಷನ್ನಿನವರು ಒಯ್ದರು. ಮೂಲೆಯಲ್ಲಿ ಕೂದಲು ತೂರುವುದಿಲ್ಲ. ನೋಡಿದವರು ಯಾರ ಕೈಕೆಲಸ ಎಂದು ಕೇಳುತ್ತಾರೆ, ಕೇಳಲೇಬೇಕು.

ಅಂಗಡಿಯ ಫೋನಿನಿಂದಲೇ ತಿರುಗಿಸಿದ್ದೇನೆ. ನಂಬರ್ ಬೀಳಲಿ. ಯಾರೋ ಹುಡುಗಿ ಎತ್ತಿ, ಹಾಡು ಮುಗಿಯುವವರೆಗೆ ಲೈನಿನಲ್ಲಿರಿ ಎಂದಳು. ಇದ್ದೇನೆ. ಒಂದು ಕೈಯಲ್ಲಿ ರಿಸೀವರು, ಒಂದು ಕೈಯಲ್ಲಿ ಇದು. ಇವತ್ತು ಮುದುಕಿ ಇಲ್ಲ. ನಾನೇ, ನನ್ನ ಗಂಟಲಲ್ಲೇ. ಹೇಳುವುದು ಬೇಕಾದಷ್ಟಿದೆ. ಊರೆಲ್ಲ ಅತ್ತಿದ್ದು ಯಾರಿಗೆ ಎಂದು ಹೇಳುತ್ತೇನೆ. ಮಂಚದ ವಿಷಯ — ಅದನ್ನೂ ಬೇಕಾದರೆ. ನೋಡೋಣ.

ನನ್ನ ದನಿ ಪ್ರಯತ್ನಿಸಿದೆ, ಮೆಲ್ಲಗೆ, ಎರಡು ಸಲ. ಎರಡು ಸಲವೂ ಮುದುಕಿಯದೇ ಬಂತು. ಕೆಮ್ಮಿದರೆ ಸರಿಹೋಗುತ್ತದೆ.

ಹಾಡು ಮುಗಿಯಿತು. ಅವಳೇ. ಹಲೋ, ಯಾರು ಮಾತಾಡ್ತಿರೋದು ಎನ್ನುತ್ತಿದ್ದಾಳೆ. ಗೋಡೆಯಾಚೆ ಕತ್ತರಿ ನಿಂತಿದೆ. ಮತ್ತೆ ಕೇಳುತ್ತಿದ್ದಾಳೆ, ಹಲೋ, ಯಾರು ಅಂತ

ನಾನು —